ಅಂಕ ಕಡಿಮೆ, ಬುದ್ಧಿ ಕಡಿಮೆಯಲ್ಲ: ಟ್ಯೂಷನ್ ಶಿಕ್ಷಕರಿಗೆ ತರಬೇತಿ ಏಕೆ ಬೇಕು?



ವಿದ್ಯಾರ್ಥಿವೇತನದ ಅರ್ಜಿ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಅಂಕಪಟ್ಟಿಯ ಕಡೆಗೆ. ಹಣ ಸೀಮಿತ, ಕೇಳುವವರು ಬಹಳ, ಆದ್ದರಿಂದ ಏನಾದರೊಂದು ಅಳತೆ ಬೇಕೇ ಬೇಕು. ಆದರೆ ಈ ಅಳತೆಗೆ ಸಿಗದ ಮಕ್ಕಳು ರೋಣದಲ್ಲಿಯೂ ಇದ್ದಾರೆ, ನರಗುಂದದಲ್ಲಿಯೂ ಇದ್ದಾರೆ, ಗಜೇಂದ್ರಗಡದಲ್ಲಿಯೂ ಇದ್ದಾರೆ. ಅಪ್ಪನ ಅಂಗಡಿಯಲ್ಲಿ ಕುಳಿತರೆ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಪಾಠವನ್ನು ಓದಿ ಹೇಳಿದರೆ ಪ್ರಶ್ನೆಗೆಲ್ಲ ಬಾಯಿಂದ ಉತ್ತರ ಕೊಡುತ್ತಾರೆ. ಅದೇ ಪಾಠವನ್ನು ಪುಸ್ತಕದಲ್ಲಿ ತೋರಿಸಿ ಓದು ಎಂದರೆ ತಲೆ ಕೆಳಗೆ ಹಾಕುತ್ತಾರೆ. ಇಂಥ ಮಕ್ಕಳ ಅರ್ಜಿ ನಮ್ಮ ಕೈಗೆ ಬರುವುದೇ ಅಪರೂಪ. ‘ಇವನಿಗೆ ಎಲ್ಲಿ ಸ್ಕಾಲರ್‌ಶಿಪ್ ಸಿಗಬೇಕು’ ಎಂದು ಮನೆಯವರೇ ಫಾರ್ಮ್ ತುಂಬುವುದನ್ನು ಬಿಟ್ಟುಬಿಡುತ್ತಾರೆ. ಹತ್ತನೇ ತರಗತಿ ಬರುವಷ್ಟರಲ್ಲಿ ಹುಡುಗ ಗ್ಯಾರೇಜಿಗೋ ಗಾರೆ ಕೆಲಸಕ್ಕೋ ಸೇರುತ್ತಾನೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ.

ಇಂಥ ಮಕ್ಕಳಿಗೆ ಸಾಮಾನ್ಯವಾಗಿ ನಾವೆಲ್ಲ ಸೂಚಿಸುವ ಪರಿಹಾರ ಟ್ಯೂಷನ್. ಟ್ಯೂಷನ್ ಒಳ್ಳೆಯದೇ. ಆದರೆ ಶಾಲೆಯಲ್ಲಿ ಯಾವ ರೀತಿಯಿಂದ ಮಗುವಿಗೆ ಓದು ಹತ್ತಲಿಲ್ಲವೋ, ಅದೇ ರೀತಿಯನ್ನು ಸಂಜೆ ಮತ್ತೆ ಎರಡು ತಾಸು ಮಾಡಿಸಿದರೆ ಓದು ಹತ್ತುವುದಿಲ್ಲ, ಶಾಲೆಯ ಮೇಲಿನ ಜಿಗುಪ್ಸೆ ಮಾತ್ರ ಹೆಚ್ಚುತ್ತದೆ. ಇಂಥ ಮಗುವಿಗೆ ಬೇಕಾದದ್ದು ಬೇರೆ ರೀತಿಯ ಪಾಠ. ಅದಕ್ಕೆ ಪಾಠ ಹೇಳುವವರಿಗೆ ತರಬೇತಿ ಬೇಕು. ಈ ಲೇಖನದಲ್ಲಿ ಆ ತರಬೇತಿ ಏನು, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ವಿವರಿಸುತ್ತೇವೆ.

ಕಲಿಕಾ ನ್ಯೂನತೆ ಎಂದರೆ ಏನು?

ಕಣ್ಣು, ಕಿವಿ, ಬುದ್ಧಿ ಎಲ್ಲ ಸರಿಯಿದ್ದೂ, ಶಾಲೆಗೆ ತಪ್ಪದೆ ಹೋದರೂ, ಓದುವುದು, ಬರೆಯುವುದು ಅಥವಾ ಲೆಕ್ಕ ಮಾಡುವುದು ಈ ಮೂರರಲ್ಲಿ ಒಂದೋ ಹೆಚ್ಚೋ ಮಗುವಿಗೆ ವಿಪರೀತ ಕಷ್ಟವಾಗುವುದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿನ ತೊಂದರೆಗೆ ಡಿಸ್ಲೆಕ್ಸಿಯಾ, ಬರವಣಿಗೆಯ ತೊಂದರೆಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಎಂದು ಹೆಸರು. 2007ರಲ್ಲಿ ಬಂದ ಆಮಿರ್ ಖಾನರ ‘ತಾರೇ ಜಮೀನ್ ಪರ್’ ಸಿನಿಮಾ ನೋಡಿದವರಿಗೆ ಇದರ ಪರಿಚಯವಿರುತ್ತದೆ.

ಇದು ಹೊಸ ಕಾಲದ ಕಾಯಿಲೆಯಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕಾಗಿದ್ದ, ಲೆಕ್ಕ ಚೆನ್ನಾಗಿ ಮಾಡುತ್ತಿದ್ದ. ಆದರೆ ವರ್ಷಗಟ್ಟಲೆ ಕಲಿಸಿದರೂ ಸಣ್ಣ ಸಣ್ಣ ಪದಗಳನ್ನೂ ಓದಲಾರದವನಾಗಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಇವನೇ ಶಾಲೆಯಲ್ಲಿ ಎಲ್ಲರಿಗಿಂತ ಜಾಣನಾಗುತ್ತಿದ್ದ ಎಂದು ಅವನ ಶಿಕ್ಷಕರು ಅಭಿಪ್ರಾಯಪಟ್ಟಿದ್ದರಂತೆ. ಮಗುವನ್ನು ದಿನವೂ ನೋಡುವ ಶಿಕ್ಷಕರಿಗೇ ಇದು ಮೊದಲು ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ.

ಇದು ತಾಯಿಯ ಅಲಕ್ಷ್ಯದಿಂದ ಬರುವುದಿಲ್ಲ, ಮಗುವಿನ ಸೋಮಾರಿತನವೂ ಅಲ್ಲ. ಎಷ್ಟೋ ಸಲ ಮನೆತನದಲ್ಲಿ ಹರಿದು ಬರುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ತಂದೆ ‘ನನಗೂ ಹಿಂಗ ಆಗತಿತ್ತು’ ಎಂದು ಹೇಳಿದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದಕ್ಕೆ ಗುಳಿಗೆ ಇಲ್ಲ, ಪೂರ್ತಿ ಹೋಗಿಬಿಡುವುದೂ ಇಲ್ಲ. ಆದರೆ ಸರಿಯಾದ ಕ್ರಮದಲ್ಲಿ ಕಲಿಸಿದರೆ ಮಗು ಓದಲು ಕಲಿಯುತ್ತದೆ. ಎಷ್ಟು ಬೇಗ ಆರಂಭಿಸುತ್ತೇವೆಯೋ ಅಷ್ಟು ಲಾಭ.

ನಮ್ಮ ಮಕ್ಕಳ ಭಾಷೆ, ನಮ್ಮ ಮಕ್ಕಳ ಲಿಪಿ

ನಮ್ಮ ಭಾಗದ ಟ್ಯೂಷನ್ ಶಿಕ್ಷಕರಿಗೆ ಬೆಂಗಳೂರಿನ ಇಂಗ್ಲಿಷ್ ಪುಸ್ತಕದ ಪಾಠ ಒಂದೇ ಸಾಲದು. ಇಲ್ಲಿಯ ಮಗು ಹೊರುವ ಹೊರೆ ಬೇರೆ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಮಗು ಕನ್ನಡ ಶಾಲೆಗೆ ಹೋಗುತ್ತದೆ. ಒಂದನೇ ತರಗತಿಯಿಂದ ಇಂಗ್ಲಿಷ್ ಇರುತ್ತದೆ, ಆರನೇ ತರಗತಿಗೆ ಹಿಂದಿ ಸೇರುತ್ತದೆ. ಬೆಳಿಗ್ಗೆಯೋ ಸಂಜೆಯೋ ಮಕ್ತಬ್‌ನಲ್ಲಿ ಖಾಯಿದಾ ಹಿಡಿದು ಅರಬ್ಬಿ ಅಕ್ಷರ ಕಲಿಯುತ್ತದೆ. ಕನ್ನಡ ಎಡದಿಂದ ಬಲಕ್ಕೆ, ಅರಬ್ಬಿ ಉರ್ದು ಬಲದಿಂದ ಎಡಕ್ಕೆ. ಇನ್ನು ನದಾಫ, ಪಿಂಜಾರ ಮನೆಗಳಲ್ಲಿ ಕನ್ನಡವೇ ಮನೆಮಾತು. ಅಲ್ಲಿಯ ಮಗುವಿನ ತೊಂದರೆಯನ್ನು ಬೇರೆ ರೀತಿಯಿಂದ ನೋಡಬೇಕಾಗುತ್ತದೆ.

ಆದ್ದರಿಂದ ತರಬೇತಿಯ ಮೊದಲ ಪಾಠವೇ ಭಾಷೆಯ ತೊಡಕು ಯಾವುದು, ನ್ಯೂನತೆಯ ಸೂಚನೆ ಯಾವುದು ಎಂದು ಬಿಡಿಸಿ ನೋಡುವುದು. ಉರ್ದು ಮನೆಮಾತಿನ ಮಗು ‘ಹಳ್ಳಿ’ ಎಂದು ಬರೆಯಬೇಕಾದಲ್ಲಿ ‘ಹಲ್ಲಿ’ ಎಂದು ಬರೆದರೆ ಗಾಬರಿಯಾಗಬೇಕಿಲ್ಲ. ಉರ್ದುವಿನಲ್ಲಿ ಳಕಾರಕ್ಕೆ ಬೇರೆ ಅಕ್ಷರವೇ ಇಲ್ಲ. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘದ ಭೇದವೂ ಉರ್ದು ಬರವಣಿಗೆಯಲ್ಲಿ ಇಲ್ಲ. ಕಿವಿಗೆ ಕೇಳದ ಭೇದ ಕೈಗೆ ಬರುವುದು ತಡ. ಅದು ಕನ್ನಡ ಹೆಚ್ಚು ಕೇಳಿ, ಹೆಚ್ಚು ಮಾತಾಡಿ ಸರಿಹೋಗುವ ಮಾತು.

ಆದರೆ ಅದೇ ಮಗು ಮಕ್ತಬ್‌ನಲ್ಲಿಯೂ ಬೇ, ಪೇ, ತೇ ಅಕ್ಷರಗಳ ಚುಕ್ಕೆಗಳನ್ನು ತಿಂಗಳುಗಟ್ಟಲೆ ಅದಲು ಬದಲು ಮಾಡುತ್ತಿದ್ದರೆ, ಇಂಗ್ಲಿಷ್‌ನಲ್ಲಿಯೂ ಬಿ, ಡಿ ತಿರುವುಮುರುವು ಬರೆಯುತ್ತಿದ್ದರೆ, ಕನ್ನಡದಲ್ಲಿ ಮ, ಯ, ವ ಗುರುತಿಸಲಾರದಿದ್ದರೆ, ಆಗ ತೊಂದರೆ ಒಂದು ಭಾಷೆಯದಲ್ಲ. ಇಲ್ಲಿ ಉಸ್ತಾದರನ್ನು ಕೇಳಿ ನೋಡುವುದು ಬಹಳ ಉಪಯುಕ್ತ. ಕೇಳಿ ಕಲಿತ ಸೂರಾಗಳನ್ನು ಒಂದಕ್ಷರ ತಪ್ಪದೆ ಹೇಳುವ ಹುಡುಗ ಖಾಯಿದಾದ ಅದೇ ಹಾಳೆಯಲ್ಲಿ ದಿನಾ ಎಡವುತ್ತಾನೆ ಎಂದು ಉಸ್ತಾದರು ಹೇಳಿದರೆ, ನೆನಪಿನ ಶಕ್ತಿ ಚೆನ್ನಾಗಿದೆ, ಅಕ್ಷರ ಮತ್ತು ಧ್ವನಿಯನ್ನು ಜೋಡಿಸುವಲ್ಲಿ ತೊಂದರೆಯಿದೆ ಎಂಬ ಸುಳಿವು ಸಿಗುತ್ತದೆ. ಶಾಲೆ, ಟ್ಯೂಷನ್, ಮಕ್ತಬ್ ಮೂರೂ ಕಡೆಯವರು ಪರಸ್ಪರ ಮಾತಾಡದಿದ್ದರೆ ಈ ಸುಳಿವು ಯಾರ ಕೈಗೂ ಹತ್ತುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಕನ್ನಡ ಲಿಪಿಯೇ ನಿಧಾನವಾಗಿ ಕೈಗೆ ಬರುವಂಥದ್ದು. ಮೂಲಾಕ್ಷರ 49 ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಮೇಲೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಅಕ್ಷರಜ್ಞಾನ ಪೂರ್ತಿಯಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಬೇಕಾಗುತ್ತವೆ ಎಂದು ಕಂಡುಬಂದಿದೆ. ಹೀಗಾಗಿ ಎರಡನೇ ತರಗತಿಯ ಮಗುವಿಗೆ ‘ರಾಷ್ಟ್ರ’ ಎಂದು ಬರೆಯಲು ಬರಲಿಲ್ಲ ಎಂದ ಮಾತ್ರಕ್ಕೆ ಹಣೆಪಟ್ಟಿ ಹಚ್ಚಬಾರದು.

ತರಬೇತಿಯಲ್ಲಿ ಏನಿರಬೇಕು?

ನಮ್ಮ ಸಂಜೆ ತರಗತಿಗಳಲ್ಲಿ ಪಾಠ ಹೇಳುವವರು ಹೆಚ್ಚಾಗಿ ಪದವಿ ಓದುವ, ಡಿ.ಇಡಿ. ಅಥವಾ ಬಿ.ಇಡಿ. ಮುಗಿಸಿದ ಯುವಕ ಯುವತಿಯರು. ಅವರನ್ನು ಕೆಲವೇ ದಿನಗಳಲ್ಲಿ ವಿಶೇಷ ಶಿಕ್ಷಕರನ್ನಾಗಿ ಮಾಡಲು ಆಗುವುದಿಲ್ಲ. ವಿಶೇಷ ಶಿಕ್ಷಣಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಪ್ರತ್ಯೇಕ ಕೋರ್ಸುಗಳೇ ಇವೆ. ಆದರೆ ನಾಲ್ಕು ಕೆಲಸಗಳನ್ನು ಯಾವ ಟ್ಯೂಷನ್ ಶಿಕ್ಷಕರಾದರೂ ಕಲಿಯಬಹುದು.

ಒಂದನೆಯದು, ನೋಡಿ ಬರೆದಿಡುವುದು. ‘ಓದು ಬರುವುದಿಲ್ಲ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸಾಲು ತಪ್ಪುತ್ತಾನೆ, ಮೊದಲ ಅಕ್ಷರ ನೋಡಿ ಉಳಿದ ಪದವನ್ನು ಊಹಿಸುತ್ತಾನೆ, ಬೋರ್ಡಿನಿಂದ ನಕಲು ಮಾಡುವಾಗ ಅಕ್ಷರ ಬಿಡುತ್ತಾನೆ, ಬಾಯಿಲೆಕ್ಕ ಸರಿ, ಬರೆಯುವಾಗ 27 ಇದ್ದದ್ದು 72 ಆಗುತ್ತದೆ’ ಎಂದು ಬರೆದರೆ ಮುಂದೆ ಪರೀಕ್ಷಿಸುವ ತಜ್ಞರಿಗೂ ಅದು ಆಧಾರವಾಗುತ್ತದೆ. ಮಗು ಯಾವುದರಲ್ಲಿ ಜಾಣ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ಎರಡನೆಯದು, ಬೇರೆ ಕಾರಣಗಳನ್ನು ತೆಗೆದುಹಾಕುವುದು. ಕಣ್ಣಿಗೆ ಚಷ್ಮಾ ಬೇಕಾಗಿದೆಯೇ? ಕಿವಿ ಸೋರುತ್ತದೆಯೇ? ತಂದೆ ತಾಯಿ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋದಾಗ ಮಗುವೂ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿತೇ? ಖಾಲಿ ಹೊಟ್ಟೆಯಲ್ಲಿ ಕುಳಿತಿದೆಯೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಕಣ್ಣು, ಕಿವಿಯ ಜೊತೆಗೆ ಕಲಿಕೆಯ ತೊಂದರೆಯೂ ಆ ತಪಾಸಣೆಯ ಪಟ್ಟಿಯಲ್ಲಿದೆ. ಆ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಬೇಕು.

ಮೂರನೆಯದು, ಕಲಿಸುವ ರೀತಿ. ಇದರ ಮೂಲತತ್ತ್ವವನ್ನು ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದರು. ಕಣ್ಣು, ಕಿವಿ, ಬಾಯಿ, ಕೈ ನಾಲ್ಕನ್ನೂ ಒಟ್ಟಿಗೆ ಬಳಸಿ, ಒಂದು ಸಲಕ್ಕೆ ಒಂದೇ ಸಣ್ಣ ಹೆಜ್ಜೆ ಕಲಿಸಿ, ಅದು ಗಟ್ಟಿಯಾದ ಮೇಲೆ ಮುಂದಿನದಕ್ಕೆ ಹೋಗುವುದು. ನಮಗೆ ಇದೇನು ಪರಕೀಯವಲ್ಲ. ಹಿಂದಿನ ಕಾಲದ ಗಾಂವಠಿ ಶಾಲೆಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ, ಬಾಯಿಂದ ಹೇಳಿಸುತ್ತಿದ್ದರು. ಒಂದು ತಾಟಿನಲ್ಲಿ ಮರಳು ಹಾಕಿ ಇಂದೂ ಅದನ್ನೇ ಮಾಡಬಹುದು. ಪದವನ್ನು ಚಪ್ಪಾಳೆ ಹೊಡೆದು ತುಂಡು ಮಾಡಿಸಬೇಕು: ಗ–ಜೇಂ–ದ್ರ–ಗ–ಡ. ಒಂದು ರಟ್ಟಿನಲ್ಲಿ ಸಾಲಿನಷ್ಟು ಕಿಂಡಿ ಕತ್ತರಿಸಿ ಪುಸ್ತಕದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ, ಕಣ್ಣು ತಪ್ಪುವುದಿಲ್ಲ. ಕಾಗುಣಿತ ಗಟ್ಟಿಯಾಗುವವರೆಗೆ ಒತ್ತಕ್ಷರಕ್ಕೆ ಅವಸರ ಬೇಡ. ಅರ್ಕಾವತ್ತನ್ನು ಬೇರೆಯಾಗಿಯೇ ಕಲಿಸಬೇಕು. ‘ಸೂರ್ಯ’ ಎನ್ನುವಾಗ ರ್ ಮೊದಲು ಬಾಯಿಗೆ ಬರುತ್ತದೆ, ಬರೆಯುವಾಗ ಅದರ ಗುರುತು ಯಕಾರದ ನಂತರ ಬರುತ್ತದೆ. ಸಾಮಾನ್ಯ ಮಗುವಿಗೇ ಇದು ತೊಡಕು, ಈ ಮಗುವಿಗೆ ಇನ್ನೂ ದೊಡ್ಡ ತೊಡಕು.

ಲೆಕ್ಕಕ್ಕೆ ಹುಣಸೆ ಬೀಜ ಸಾಕು. ಹತ್ತು ಹತ್ತರ ಗುಂಪು ಮಾಡಿ ಕೈಯಲ್ಲಿ ಹಿಡಿದು ಕೂಡಿಸಿ, ಕಳೆದು, ಆಮೇಲೆ ಪಾಟಿಯ ಮೇಲೆ ಬರೆಯಿಸಬೇಕು. ಬರಹದ ಲೆಕ್ಕವನ್ನು ಶಿಕ್ಷಕರೇ ಓದಿ ಹೇಳಬೇಕು. ಓದಲಾರದ್ದಕ್ಕೆ ಲೆಕ್ಕ ತಪ್ಪಿತೋ, ಲೆಕ್ಕವೇ ಬಾರದ್ದಕ್ಕೆ ತಪ್ಪಿತೋ ಎಂಬುದು ಆಗ ತಿಳಿಯುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಹೀಗೆ ಒಬ್ಬರಿಗೇ ಲಕ್ಷ್ಯ ಕೊಟ್ಟು ಕಲಿಸುವುದು ಗುಂಪಿನಲ್ಲಿ ಎರಡು ತಾಸು ಕೂರಿಸುವುದಕ್ಕಿಂತ ಮೇಲು.

ನಾಲ್ಕನೆಯದು, ನಡವಳಿಕೆ. ಎಲ್ಲರೆದುರು ಎದ್ದು ನಿಲ್ಲಿಸಿ ಓದಿಸಬಾರದು. ತಪ್ಪಾದ ಪದವನ್ನು ನೂರು ಸಲ ಬರೆಯುವ ಶಿಕ್ಷೆ ಕೊಡಬಾರದು. ‘ದಡ್ಡ’ ಎಂಬ ಮಾತು ತರಗತಿಯಲ್ಲಿ ಕೇಳಬಾರದು. ತಮ್ಮನನ್ನೋ ತಂಗಿಯನ್ನೋ ಹೋಲಿಸಿ ಮಾತಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ‘ನಿಮ್ಮ ಮಗುವಿಗೆ ಡಿಸ್ಲೆಕ್ಸಿಯಾ ಇದೆ’ ಎಂದು ಟ್ಯೂಷನ್ ಶಿಕ್ಷಕರು ಯಾವತ್ತೂ ಹೇಳಬಾರದು. ‘ಇಂಥಿಂಥ ತೊಂದರೆ ನಮಗೆ ಕಂಡಿದೆ, ತಜ್ಞರಿಗೆ ತೋರಿಸೋಣ’ ಎಂದಷ್ಟೇ ಹೇಳಬೇಕು. ಹೆಸರಿಡುವುದು ತಜ್ಞರ ಕೆಲಸ.

ತಪಾಸಣೆ, ಪ್ರಮಾಣಪತ್ರ ಮತ್ತು ಕಾನೂನು

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಸಂಖ್ಯೆ 21ಕ್ಕೆ ಏರಿತು, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಇಂಥ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಹೊಣೆ ಎಂದು ಕಾಯ್ದೆಯ 16ನೆಯ ಕಲಂ ಹೇಳುತ್ತದೆ. ಆದ್ದರಿಂದ ಪಾಲಕರು ಮುಖ್ಯೋಪಾಧ್ಯಾಯರ ಬಳಿ ಹೋಗಿ ಕೇಳುವುದು ದಯೆಯ ಬೇಡಿಕೆಯಲ್ಲ, ಹಕ್ಕಿನ ಮಾತು.

ದಾರಿ ಹೀಗಿದೆ. ಮೊದಲು ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಅವರ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಬೇಕು. ಮುಂದಿನ ತಪಾಸಣೆಗೆ ನಮಗೆ ಸಮೀಪದ ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಲ್ಲಿ ಮಗುವಿಗೆ ಎಂಟು ವರ್ಷ ತುಂಬಿದ ಮೇಲೆಯೇ ಈ ಪ್ರಮಾಣಪತ್ರ ಕೊಡಬೇಕು ಎಂದಿತ್ತು. 14ನೆಯ ವಯಸ್ಸಿನಲ್ಲಿ ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆಯೂ ಅದರಲ್ಲಿತ್ತು. ಆದರೆ ಬೇರೆ ರೀತಿಯಲ್ಲಿ ಕಲಿಸುವುದಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಆ ಕೆಲಸವನ್ನು ಇಂದೇ ಆರಂಭಿಸಬಹುದು.

ಪ್ರಮಾಣಪತ್ರದಿಂದ ಆಗುವ ಉಪಯೋಗ ಮುಖ್ಯವಾಗಿ ಎರಡು. ಒಂದು, ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಉತ್ತರ ಬರೆದುಕೊಡುವ ಲಿಪಿಕಾರರ ಸಹಾಯ. ಇದಕ್ಕೆ ಶಾಲೆಯ ಮೂಲಕವೇ, ಪರೀಕ್ಷೆಗೆ ಸಾಕಷ್ಟು ಮುಂಚಿತವಾಗಿ ಅರ್ಜಿ ಹೋಗಬೇಕು. ಫೆಬ್ರುವರಿಯಲ್ಲಿ ಓಡಾಡಿದರೆ ಕೆಲಸವಾಗುವುದಿಲ್ಲ. ಎರಡು, ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಎಂದು ಪ್ರಮಾಣಿತವಾಗಿ ಯು.ಡಿ.ಐ.ಡಿ. ಕಾರ್ಡ್ ಸಿಕ್ಕರೆ, ಒಂಬತ್ತು ಹತ್ತನೇ ತರಗತಿಯಲ್ಲಿ ಕೇಂದ್ರ ಸರಕಾರದ ಅಂಗವಿಕಲ ವಿದ್ಯಾರ್ಥಿಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.

ಇಷ್ಟೆಲ್ಲ ಹೇಳಿದರೂ ಕೆಲವು ಮನೆಗಳಲ್ಲಿ ಪ್ರಮಾಣಪತ್ರ ಬೇಡ ಎನ್ನುತ್ತಾರೆ. ವಿಶೇಷವಾಗಿ ಹೆಣ್ಣುಮಗುವಿದ್ದರೆ ನಾಳೆ ನಿಕಾಹ್ ಮಾತುಕತೆಯಲ್ಲಿ ತೊಂದರೆಯಾದೀತು ಎಂಬ ಭಯ. ಆ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಇದು ಬುದ್ಧಿಮಾಂದ್ಯವಲ್ಲ, ಮಾನಸಿಕ ಕಾಯಿಲೆಯೂ ಅಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಸಾವಕಾಶವಾಗಿ ತಿಳಿಸಿ ಹೇಳಬೇಕು. ನಿರ್ಧಾರ ಕುಟುಂಬದ್ದೇ. ಮಗುವಿನ ಹೆಸರು, ತಪಾಸಣೆಯ ಕಾಗದ ಓಣಿಯ ಮಾತಾಗದಂತೆ ಗುಟ್ಟು ಕಾಯುವುದು ಕೂಡ ಟ್ಯೂಷನ್ ಶಿಕ್ಷಕರ ತರಬೇತಿಯ ಭಾಗವೇ.

ದಾನಿಗಳಲ್ಲಿ ವಿನಂತಿ

ಈ ಕೆಲಸಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಮರಳಿನ ತಾಟು, ಅಕ್ಷರದ ಚೀಟಿ, ರಟ್ಟು, ಹುಣಸೆ ಬೀಜ ಇವು ಖರ್ಚಿನ ಬಾಬೇ ಅಲ್ಲ. ಖರ್ಚು ಬರುವುದು ಮೂರು ಕಡೆ: ತರಬೇತಿ ಕೊಡಲು ಬರುವ ವಿಶೇಷ ಶಿಕ್ಷಕರ ಗೌರವಧನ ಮತ್ತು ಪ್ರಯಾಣ; ಮಕ್ಕಳ ಗುಂಪು ಸಣ್ಣದಾದಾಗ ಹೆಚ್ಚಿಗೆ ಬೇಕಾಗುವ ಟ್ಯೂಷನ್ ಶಿಕ್ಷಕರು; ತಪಾಸಣೆಗೆ ಧಾರವಾಡಕ್ಕೆ ಹೋಗುವ ಕುಟುಂಬದ ಬಸ್ ಖರ್ಚು. ಹಮಾಲಿ ಮಾಡುವ ತಂದೆಗೆ ಧಾರವಾಡದ ಒಂದು ಪ್ರಯಾಣವೆಂದರೆ ಒಂದು ದಿನದ ಕೂಲಿಯೂ ಹೋಯಿತು. ಎರಡು ಮೂರು ಸಲ ಹೋಗಬೇಕಾದರೆ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಝಕಾತ್ ಹಣವನ್ನು ಇದಕ್ಕೆ ಬಳಸಬಹುದೇ ಎಂದು ದಾನಿಗಳು ಕೇಳುವುದು ಸಹಜ. ಹನಫಿ ಮತದ ಪ್ರಕಾರ ಝಕಾತ್ ಅರ್ಹ ಬಡವರ ಸ್ವಂತಕ್ಕೇ ಸೇರಬೇಕು. ಆದ್ದರಿಂದ ತರಬೇತಿಯ ಖರ್ಚು ಮತ್ತು ಗೌರವಧನಕ್ಕೆ ಲಿಲ್ಲಾಹ್, ಸದಖಾ ಮತ್ತು ಸಾಮಾನ್ಯ ದೇಣಿಗೆಯೇ ಸರಿ. ಅರ್ಹ ಕುಟುಂಬದ ಕೈಗೇ ಕೊಡುವ ಪ್ರಯಾಣದ ನೆರವು ಬೇರೆ ವಿಷಯ. ದೇಣಿಗೆ ಕೊಡುವಾಗ ಯಾವ ಬಾಬಿಗೆ ಎಂದು ರಸೀದಿಯ ಮೇಲೆ ಬರೆಯಿಸಿದರೆ ಲೆಕ್ಕ ಸ್ಪಷ್ಟವಾಗಿರುತ್ತದೆ. ಸಂದೇಹವಿದ್ದರೆ ತಮ್ಮ ಆಲಿಮರನ್ನು ಕೇಳಿ ನಿರ್ಧರಿಸಬೇಕು.

ಪಾಲಕರಿಗೆ ಸೂಚನೆ

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪಾಲಕರಲ್ಲಿ ನಮ್ಮದೊಂದು ಕೋರಿಕೆ. ಅಂಕ ಕಡಿಮೆ ಎಂಬ ಕಾರಣಕ್ಕೆ ಅರ್ಜಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಮಗು ಮೂರನೇ ತರಗತಿ ದಾಟಿದ್ದು, ಶಾಲೆಗೆ ತಪ್ಪದೆ ಹೋಗುತ್ತಿದ್ದು, ಬಾಯಿಮಾತಿನಲ್ಲಿ ಜಾಣನಾಗಿದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರೆ, ಆ ಮಾತನ್ನು ಅಂಕಪಟ್ಟಿಯ ಜೊತೆ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ. ಬರೆಯಲು ಬಾರದಿದ್ದರೆ ಟ್ಯೂಷನ್ ಶಿಕ್ಷಕರಿಗೆ ಹೇಳಿ, ಅವರು ಬರೆದುಕೊಡುತ್ತಾರೆ. ತರಗತಿ ಶಿಕ್ಷಕರ ಮತ್ತು ಮಕ್ತಬ್‌ನ ಉಸ್ತಾದರ ಎರಡು ಮಾತುಗಳಿದ್ದರೆ ಇನ್ನೂ ಒಳ್ಳೆಯದು. ಕಣ್ಣು ಕಿವಿ ತಪಾಸಣೆಯಾಗಿದ್ದರೆ ಆ ಚೀಟಿಯ ಪ್ರತಿಯನ್ನೂ ಇಡಿ. ಮನೆಯಲ್ಲಿ ದಿನಾ ಹತ್ತು ನಿಮಿಷ ಯಾರಾದರೂ ಮಗುವಿಗೆ ಗಟ್ಟಿಯಾಗಿ ಓದಿ ಹೇಳಿ. ಅಕ್ಕ, ಅಣ್ಣ, ಪಕ್ಕದ ಮನೆಯ ಹುಡುಗಿ ಯಾರಾದರೂ ಆದೀತು. ಓದಲು ಬಾರದ ಮಗುವಿಗೂ ಪಾಠ ತಿಳಿಯುವ ಹಕ್ಕಿದೆ. ಕೇಳಿದ ಪಾಠವಂತೂ ವ್ಯರ್ಥವಾಗುವುದಿಲ್ಲ.